ಗಾಜಿನ ತೊಟ್ಟಿಯ ಹವಳಕ್ಕೆ ಕಾಯಿಲೆ ಬಂದಾಗ

ಹವಳವೆಂದೊಡನೆ ಕನ್ನಡದ ಗೃಹಿಣಿಯ ಕಣ್ಣ ಮುಂದೆ ನಿಲ್ಲುವುದು ಕರಿಮಣಿ ಸರದಲ್ಲಿ ಪೋಣಿಸಿದ ಕೆಂಪು ಮಣಿ. ಪಂಡಿತರ ಔಷಧ ಸೇವಿಸಿದವರಿಗೆ ಪ್ರವಾಳ ಭಸ್ಮದ ನೆನಪಾದೀತು. ಎರಡೂ ಸತ್ತ ಹವಳವೇ. ಆ ಮಣಿಯನ್ನು ಕಟ್ಟಿದ ಜೀವಕ್ಕೂ ಒಂದು ಕಾಲದಲ್ಲಿ ಬಾಯಿ ಇತ್ತು, ಹೊಟ್ಟೆ ಇತ್ತು, ತೇಲಿಬಂದ ಆಹಾರವನ್ನು ಎಟುಕಿ ಹಿಡಿಯುವ ಎಳೆಬೆರಳುಗಳಿದ್ದುವು ಎಂಬುದನ್ನು ಬಹುಮಂದಿ ಬಲ್ಲವರಲ್ಲ. ಆದರೆ ಜರ್ಮನಿ, ಅಮೆರಿಕ, ಇಂಗ್ಲೆಂಡುಗಳ ಅನೇಕ ಮನೆಗಳಲ್ಲಿ ಹವಳ ಜೀವಂತವಾಗಿಯೇ ಇದೆ. ದಿವಾನಖಾನೆಯ ಮೂಲೆಯಲ್ಲಿ ಗಾಜಿನ ತೊಟ್ಟಿ; ಅದರ ತುಂಬ ಉಪ್ಪುನೀರು; ಮೇಲೆ ನೀಲಿಯ ಬೆಳಕು; ಒಳಗೆ ಜಿಂಕೆಯ ಕೊಂಬಿನಂತೆ ಕವಲೊಡೆದ, ನೇರಳೆ, ಹಸಿರು, ಗುಲಾಬಿ ಬಣ್ಣಗಳ ಹವಳದ ತೋಟ.

ಈ ತೋಟ ಒಂದು ಬೆಳಗ್ಗೆ ಬಾಡಲಾರಂಭಿಸಿತೆಂದರೆ ಮನೆಯವರ ಗಾಬರಿ ಹೇಳತೀರದು. ನಾಯಿಗೆ ಜ್ವರ ಬಂದರೆ ಮೂಗು ಮುಟ್ಟಿ ನೋಡಬಹುದು; ಹಸು ಮೇವು ಬಿಟ್ಟರೆ ಗೊತ್ತಾಗುತ್ತದೆ. ಹವಳಕ್ಕೆ ನಾಡಿಯಿಲ್ಲ, ದನಿಯಿಲ್ಲ. ಅದು ತನ್ನ ಸಂಕಟವನ್ನು ಹೇಳಿಕೊಳ್ಳುವುದು ಬಣ್ಣದಿಂದ ಮಾತ್ರ. ಆ ಭಾಷೆಯನ್ನು ಓದಲು ಕಲಿಯುವ ಮೊದಲೇ ಔಷಧದ ಸೀಸೆಗೆ ಕೈಹಾಕಿದವರ ತೊಟ್ಟಿಗಳಲ್ಲಿ ರೋಗಕ್ಕಿಂತ ಮದ್ದಿನಿಂದಲೇ ಹೆಚ್ಚು ಹವಳ ಸತ್ತಿದ್ದರೆ ಆಶ್ಚರ್ಯವಿಲ್ಲ.

ಹವಳವನ್ನು ಮನೆಯಲ್ಲಿ ಬದುಕಿಸುವ ವಿದ್ಯೆ ಹಳೆಯದೇನಲ್ಲ. ಇಂಡೊನೇಷ್ಯದ ಜಕಾರ್ತದಲ್ಲಿದ್ದ ಲೀ ಚಿನ್ ಎಂಗ್ ಎಂಬುವರು ಸಮುದ್ರದ ಬಂಡೆಗಳನ್ನು ಅವುಗಳ ಮೇಲಿನ ಜೀವಾಣುಗಳ ಸಮೇತ ತೊಟ್ಟಿಗಿಳಿಸಿ, ಗಾಳಿಯ ಗುಳ್ಳೆಗಳನ್ನು ಹಾಯಿಸಿ, ಹವಳ ಬದುಕುವಂತೆ ಮಾಡಿದ ಬಗೆಯನ್ನು 1961ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ವಿವರಿಸಿದರು. ಅನಂತರ ಪೀಟರ್ ವಿಲ್ಕೆನ್ಸ್ ಸುಣ್ಣದ ತಿಳಿನೀರನ್ನು ಹನಿಹನಿಯಾಗಿ ತೊಟ್ಟಿಗೆ ಬಿಡುವ ಕ್ರಮವನ್ನು ಪ್ರಚಾರಕ್ಕೆ ತಂದರು. ಎಲೆಯಡಿಕೆಯ ಡಬ್ಬಿಯಲ್ಲಿರುವ ಅದೇ ಸುಣ್ಣ! ಹವಳದ ಎಲುಬುಗೂಡು ಸುಣ್ಣದ ಕಲ್ಲಾದ್ದರಿಂದ ಅದಕ್ಕೆ ಬೇಕಾದ ಸಾಮಗ್ರಿ ಆ ತಿಳಿಯಲ್ಲಿ ಸಿಗುತ್ತದೆ. ಬರ್ಲಿನ್ ನಗರದ ಡೀಟ್ರಿಕ್ ಸ್ಟೂಬರ್ ಮತ್ತವರ ಗೆಳೆಯರು 1980ರ ದಶಕದಲ್ಲಿ ಈ ಉಪಾಯಗಳನ್ನು ಒಂದುಗೂಡಿಸಿದರು: ಜೀವವಿರುವ ಬಂಡೆ, ಪ್ರಖರವಾದ ಬೆಳಕು, ಸುಣ್ಣದ ತಿಳಿ, ಜೊತೆಗೆ ಬೆಲ್ಲದ ಪಾಕದ ಮೇಲಿನ ನೊರೆ ತೆಗೆದಂತೆ ನೀರಿನ ಕೊಳೆಯನ್ನು ನೊರೆಯಲ್ಲಿ ಎತ್ತಿ ಹೊರಹಾಕುವ ಯಂತ್ರ. ಇಂದಿಗೂ ಇದಕ್ಕೆ ಬರ್ಲಿನ್ ಪದ್ಧತಿಯೆಂದೇ ಹೆಸರು.

ನಮ್ಮ ದೇಶದ ಓದುಗರಿಗೆ ಇಲ್ಲೊಂದು ಎಚ್ಚರಿಕೆ ಅವಶ್ಯ. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿ, ಆನೆಗಳ ಪಂಕ್ತಿಯಲ್ಲಿಯೇ ಹವಳಕ್ಕೂ ಸ್ಥಾನ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಮುಳುಗಿ ಹವಳವನ್ನು ಕಣ್ಣು ತುಂಬ ನೋಡಬಹುದು. ಚೂರು ಮುರಿದು ಮನೆಗೆ ತರುವುದು ಅಪರಾಧ.

ಮೂರು ಬಗೆಯ ಬಣ್ಣಗೇಡು

ಕವಲುಹವಳದ ಒಂದು ಕೊಂಬೆಯನ್ನು ಭೂತಗನ್ನಡಿಯಿಂದ ನೋಡಿದರೆ ಅದೊಂದು ಪ್ರಾಣಿಯಲ್ಲ, ಒಂದು ಊರು ಎಂಬುದು ತಿಳಿಯುತ್ತದೆ. ರಾಗಿಕಾಳಿನಷ್ಟು ಗಾತ್ರದ ನೂರಾರು ಜೀವಿಗಳು ಒಂದೇ ತೆಳುವಾದ ಮಾಂಸದ ಹೊದಿಕೆಯಿಂದ ಕೂಡಿಕೊಂಡು ಸುಣ್ಣದ ಗೂಡಿನ ಮೇಲೆ ವಾಸಿಸುತ್ತವೆ. ಆ ಮಾಂಸದೊಳಗೆ ಕಣ್ಣಿಗೆ ಕಾಣದ ಕಂದುಬಣ್ಣದ ಪಾಚಿಯ ಕಣಗಳಿವೆ. ಬೆಳಕಿನಿಂದ ಪಾಚಿ ಆಹಾರ ತಯಾರಿಸಿ ಅದರ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳ ಪಾಚಿಗೆ ಮನೆ ಕೊಡುತ್ತದೆ. ಬಾಡಿಗೆದಾರನ ಸಂಪಾದನೆಯಿಂದ ಯಜಮಾನನ ಸಂಸಾರ ಸಾಗುವ ವಿಚಿತ್ರವಾದ ಒಪ್ಪಂದವಿದು. ಹವಳದ ಕಾಯಿಲೆಗಳಲ್ಲಿ ಅರ್ಧಕ್ಕರ್ಧ ಈ ಒಪ್ಪಂದ ಮುರಿದದ್ದರ ಫಲ.

ನೀರಿನ ಉಷ್ಣ ಏರಿದಾಗ ಅಥವಾ ಬೆಳಕು ಹಠಾತ್ತನೆ ಹೆಚ್ಚಿದಾಗ ಹವಳವು ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ನೋಡಿದವರು ಸತ್ತಿತೆಂದೇ ಭಾವಿಸುತ್ತಾರೆ. ಸತ್ತಿರುವುದಿಲ್ಲ. ಓರೆಯಾಗಿ ಬೆಳಕು ಬಿಟ್ಟು ನೋಡಿದರೆ ಗಾಜಿನಷ್ಟು ತೆಳ್ಳನೆಯ ಮಾಂಸ ಇನ್ನೂ ಇದ್ದು, ರಾತ್ರಿಯಲ್ಲಿ ಎಳೆಬೆರಳುಗಳು ಹೊರಚಾಚುವುದೂ ಕಾಣುತ್ತದೆ. ಇದು ಉಪವಾಸ, ವಾರಗಟ್ಟಲೆ ತಾಳಿಕೊಂಡು ಮರಳಿ ಬಣ್ಣ ಪಡೆಯುವ ಸಂಭವ ಉಂಟು. ಎರಡನೆಯ ಬಗೆಯ ಬಿಳುಪು ಬೇರೆ. ಅಲ್ಲಿ ಮಾಂಸವೇ ಕಳಚಿ ಬರಿಯ ಎಲುಬು ಉಳಿದಿರುತ್ತದೆ. ಜೀವವಿರುವ ಭಾಗಕ್ಕೂ ಬರಿಗೂಡಿಗೂ ನಡುವೆ ಚಾಕುವಿನಿಂದ ಗೀರಿದಂತೆ ಸ್ಪಷ್ಟವಾದ ಗೆರೆ. ಕೆಲವೇ ದಿನಗಳಲ್ಲಿ ಬರಿಗೂಡಿನ ಮೇಲೆ ಹಸಿರು ಜೊಂಡು ಹಬ್ಬುತ್ತದೆ. ಆ ಭಾಗದ ಜೀವ ಹೋಯಿತೆಂದೇ ತಿಳಿಯಬೇಕು. ಮೂರನೆಯದು ಬಿಳುಪಲ್ಲ, ಕಪ್ಪಡರುವುದು: ನೇರಳೆಯಿದ್ದ ಕೊಂಬೆ ಕಾಫಿಯ ಗಸಿಯ ಬಣ್ಣಕ್ಕೆ ತಿರುಗುತ್ತದೆ. ನೀರಿನಲ್ಲಿ ಗೊಬ್ಬರದ ಅಂಶ ಹೆಚ್ಚಾಗಿ ಅಥವಾ ಬೆಳಕು ಸಾಲದೆ ಪಾಚಿ ಮಿತಿಮೀರಿ ಬೆಳೆದದ್ದರ ಲಕ್ಷಣವದು. ನೋಡಲು ಚೆನ್ನಾಗಿಲ್ಲ, ಆದರೆ ಪ್ರಾಣಕ್ಕೆ ಅಪಾಯ ಕಡಿಮೆ.

ಇಷ್ಟರ ಮೇಲೆ, ಬಿಳುಪೆಲ್ಲವೂ ರೋಗವಲ್ಲ. ಚೆನ್ನಾಗಿ ಬೆಳೆಯುತ್ತಿರುವ ಕೊಂಬೆಯ ಚಿಗುರುತುದಿ ಬೆಳ್ಳಗೇ ಇರುತ್ತದೆ. ಹೊಸ ಮಾಂಸಕ್ಕೆ ಪಾಚಿ ಇನ್ನೂ ಹೋಗಿ ಸೇರಿರುವುದಿಲ್ಲ. ಇದನ್ನೇ ರೋಗವೆಂದು ತಿಳಿದು ಚಿಕಿತ್ಸೆಗೆ ತೊಡಗಿದ ಹೊಸಬರೂ ಇದ್ದಾರೆ.

ಮದ್ದಿಗಿಂತ ಮೊದಲು ಅಳತೆ

ಗೆರೆ ಎಲ್ಲಿಂದ ಹೊರಟಿತು, ಎಷ್ಟು ವೇಗವಾಗಿ ಸಾಗುತ್ತಿದೆ ಎಂಬುದನ್ನು ಗುರುತಿಸಿಕೊಂಡ ಮೇಲೆ ಅನುಭವಸ್ಥರು ಹವಳವನ್ನು ಬಿಟ್ಟು ನೀರಿನ ಕಡೆಗೆ ತಿರುಗುತ್ತಾರೆ. ಉಷ್ಣ 24ರಿಂದ 26 ಡಿಗ್ರಿ ಸೆಂಟಿಗ್ರೇಡ್ ಇದೆಯೇ? ಉಪ್ಪು ಸಾವಿರ ಪಾಲಿಗೆ 35 ಪಾಲು ಇದೆಯೇ? ಉಪ್ಪಿನ ಅಳತೆಯ ಉಪಕರಣವೇ ಸುಳ್ಳು ಹೇಳುವುದುಂಟು. ಆದ್ದರಿಂದ ಅದನ್ನು ಮೊದಲು 35ರ ಅಳತೆಯ ಸಿದ್ಧ ದ್ರಾವಣದೊಡನೆ ಹೋಲಿಸಿ ನೋಡುವುದು ಕ್ರಮ. ತೊಟ್ಟಿಯ ನೀರು ಆವಿಯಾದಾಗ ಹೋಗುವುದು ನೀರು ಮಾತ್ರ, ಉಪ್ಪಲ್ಲ. ಅದರ ಜಾಗಕ್ಕೆ ಮತ್ತೆ ಉಪ್ಪುನೀರನ್ನೇ ಸುರಿದರೆ ತಿಂಗಳೊಪ್ಪತ್ತಿನಲ್ಲಿ ಅದು ಉಪ್ಪಿನಕಾಯಿಯ ಜಾಡಿಯಾದೀತು. ಆವಿಯಾದಷ್ಟು ಶುದ್ಧವಾದ ಸಿಹಿನೀರನ್ನೇ ತುಂಬಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಕ್ಷಾರತೆ. ಹವಳ ಎಲುಬು ಕಟ್ಟಲು ನೀರಿನಿಂದ ಕ್ಯಾಲ್ಸಿಯಮ್ಮಿನ ಜೊತೆಗೆ ಹೀರಿಕೊಳ್ಳುವ ಕಾರ್ಬೊನೇಟಿನ ಸಂಗ್ರಹವನ್ನು ಈ ಅಳತೆ ತಿಳಿಸುತ್ತದೆ. ಜರ್ಮನ್ ಅಳತೆಯ ಪ್ರಕಾರ ಸಮುದ್ರದಲ್ಲಿ ಇದು ಸುಮಾರು 7 ಅಂಶ. ಮನೆಯ ತೊಟ್ಟಿಗಳಲ್ಲಿ 7ರಿಂದ 10ರೊಳಗೆ ಇರಿಸುವುದು ವಾಡಿಕೆ. ಅಂಕಿ ಎಷ್ಟೆಂಬುದಕ್ಕಿಂತ ಅದು ಅಲುಗಾಡದೆ ನಿಲ್ಲುವುದೇ ಮುಖ್ಯ. 8ರಲ್ಲಿ ವರ್ಷಗಟ್ಟಲೆ ಸುಖವಾಗಿದ್ದ ಹವಳ, ಇಂದು 7, ನಾಳೆ 10 ಎಂಬಂಥ ತೂಗಾಟವನ್ನು ತಾಳಲಾರದು.

ಈ ತೂಗಾಟ ಹೇಗೆ ಬರುತ್ತದೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಒಂದು ತೊಟ್ಟಿಯ ಹವಳಗಳು ದಿನಕ್ಕೆ ಒಂದೂವರೆ ಅಂಶದಷ್ಟು ಕ್ಷಾರವನ್ನು ಬಳಸುತ್ತವೆ ಎಂದುಕೊಳ್ಳಿ. ಯಜಮಾನನು ಅಷ್ಟನ್ನೇ ಪ್ರತಿದಿನ ಹನಿಸುವ ಯಂತ್ರವನ್ನು ಜೋಡಿಸಿದ್ದಾನೆ. ಅಂಕಿ 8ರಲ್ಲಿ ನಿಂತಿದೆ. ಶುಕ್ರವಾರ ನೀರು ಕಾಯಿಸುವ ಸಲಕರಣೆ ಕೆಟ್ಟು ಉಷ್ಣ 30 ಡಿಗ್ರಿಗೆ ಏರುತ್ತದೆ. ಹವಳಗಳು ಬಳಲಿ ಎಲುಬು ಕಟ್ಟುವುದನ್ನೇ ನಿಲ್ಲಿಸುತ್ತವೆ. ಯಂತ್ರಕ್ಕೇನು ಗೊತ್ತು? ಅದು ತನ್ನ ಪಾಡಿಗೆ ಹನಿಸುತ್ತಲೇ ಇರುತ್ತದೆ. ಸೋಮವಾರದ ಹೊತ್ತಿಗೆ ಅಂಕಿ 12ರ ಹತ್ತಿರ. ಉಷ್ಣದಿಂದ ಬಳಲಿದ್ದ ಹವಳ ಈಗ ಕ್ಷಾರದ ಹೊಡೆತದಿಂದ ಬುಡದಲ್ಲಿ ಮಾಂಸ ಕಳಚಿಕೊಳ್ಳತೊಡಗುತ್ತದೆ. ಇದನ್ನು ನೋಡಿ ಗಾಬರಿಯಾದವನು, ಹವಳಕ್ಕೆ ಬಲ ಬರಲೆಂದು ಇನ್ನೊಂದಿಷ್ಟು ಸುಣ್ಣದ ತಿಳಿಯನ್ನು ಸುರಿದನೆಂದರೆ ಕತೆ ಮುಗಿಯಿತು. ಇಲ್ಲಿ ಚಿಕಿತ್ಸೆಯೆಂದರೆ ಹನಿಸುವುದನ್ನು ನಿಲ್ಲಿಸುವುದು, ಉಷ್ಣವನ್ನು ನಿಧಾನವಾಗಿ ಇಳಿಸುವುದು, ಕ್ಷಾರತೆ ತಾನೇ ತಗ್ಗುವುದನ್ನು ಕಾಯುವುದು. ಕಡಿಮೆಯಾಗಿದ್ದರೆ ಏರಿಸುವಾಗಲೂ ದಿನಕ್ಕೆ ಒಂದು ಅಂಶ ಮೀರಬಾರದು.

ಕೊಳೆಯ ವಿಷಯದಲ್ಲಿ ತಜ್ಞರ ಅಭಿಪ್ರಾಯವೇ ಬದಲಾಗಿದೆ. ನೀರು ಎಷ್ಟು ನಿರ್ಮಲವಾದರೆ ಹವಳಕ್ಕೆ ಅಷ್ಟು ಕ್ಷೇಮ ಎಂದು ಹಿಂದೆ ನಂಬಿ, ನೈಟ್ರೇಟು, ಫಾಸ್ಫೇಟುಗಳನ್ನು ಸೊನ್ನೆಗೆ ಇಳಿಸಲು ಪೈಪೋಟಿ ನಡೆಯುತ್ತಿತ್ತು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ಯೋರ್ಗ್ ವೀಡನ್‌ಮನ್ ಮತ್ತವರ ಸಂಗಡಿಗರು, ಫಾಸ್ಫೇಟಿನ ಕೊರತೆಯಿಂದ ಪಾಚಿ ಸೊರಗಿ ಹವಳ ಬೆಳ್ಳಗಾಗುವುದನ್ನು ಪ್ರಯೋಗದಿಂದ ತೋರಿಸಿದ್ದಾರೆ. ಅತಿಮಡಿಯಿಂದ ಹಸಿದ ಸಂಸಾರ! ಮಾಸಿದ ತಿಳಿಬಣ್ಣದ ಹವಳ, ಸೊನ್ನೆಯ ಫಾಸ್ಫೇಟು, ಇವೆರಡೂ ಒಟ್ಟಿಗೆ ಕಂಡರೆ ಮೀನುಗಳಿಗೆ ಒಂದು ಹಿಡಿ ಹೆಚ್ಚು ಆಹಾರ ಹಾಕುವುದೇ ಔಷಧ.

ರಾತ್ರಿಯ ಸಂಚಾರ

ನೀರಿನ ಅಳತೆಗಳೆಲ್ಲ ಸರಿಯಿದ್ದು ಒಂದೇ ಒಂದು ಹವಳ ಮಾತ್ರ, ಅದೂ ಒಂದೇ ಪಕ್ಕದಲ್ಲಿ ಸೊರಗುತ್ತಿದ್ದರೆ ಅನುಮಾನ ನೆರೆಮನೆಯ ಮೇಲೆ ಹೋಗಬೇಕು. ಹಗಲಿನಲ್ಲಿ ಸಾಧುವಾಗಿ ಕಾಣುವ ಕೆಲವು ಹವಳಗಳು ರಾತ್ರಿಯಲ್ಲಿ ಗೇಣುದ್ದದ ಎಳೆಗಳನ್ನು ಬೀಸಿ ಪಕ್ಕದವರನ್ನು ಚುಚ್ಚಿ ಸುಡುತ್ತವೆ. ದೀಪವಾರಿಸಿ ಒಂದೆರಡು ಗಂಟೆಯ ಮೇಲೆ ಕೆಂಪು ಗಾಜು ಕಟ್ಟಿದ ಟಾರ್ಚಿನಿಂದ ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಇಬ್ಬರನ್ನೂ ದೂರ ಇಟ್ಟರೆ ಕೆಲಸ ಮುಗಿಯಿತು.

ಕೀಟಗಳ ಕಾಟ ಇಷ್ಟು ಸುಲಭವಲ್ಲ. ಕವಲುಹವಳವನ್ನೇ ತಿಂದು ಬದುಕುವ ಒಂದು ಚಪ್ಪಟೆ ಹುಳುವಿದೆ. ಅದು ಹವಳದ ಬಣ್ಣಕ್ಕೇ ಹೊಂದಿಕೊಂಡು ಅಂಟಿಕೊಂಡಿರುತ್ತದೆ. ದುಂಡನೆಯ ಕಚ್ಚಿದ ಗುರುತುಗಳಿಂದ, ಬುಡದ ಸತ್ತಭಾಗದಲ್ಲಿ ಅಂಟಿಸಿದ ಕಂದು ಮೊಟ್ಟೆಗಳಿಂದ ಮಾತ್ರ ಅದರ ಇರವು ತಿಳಿಯುತ್ತದೆ. ಔಷಧ ಬೆರೆಸಿದ ಪಾತ್ರೆಯಲ್ಲಿ ಹವಳವನ್ನು ಕೆಲವು ನಿಮಿಷ ಅದ್ದಿ ಅಲುಗಿಸಿದರೆ ಹುಳು ಉದುರುತ್ತದೆ, ಮೊಟ್ಟೆ ಸಾಯುವುದಿಲ್ಲ. ಮೊಟ್ಟೆಯನ್ನು ಕೆರೆದು ತೆಗೆದು, ವಾರಕ್ಕೊಮ್ಮೆಯಂತೆ ಹಲವು ವಾರ ಅದ್ದುವ ಶ್ರಮ ತಪ್ಪದು. ಹೊಸ ಹವಳವನ್ನು ನೇರವಾಗಿ ತೊಟ್ಟಿಗಿಳಿಸದೆ ಬೇರೆ ಪಾತ್ರೆಯಲ್ಲಿ ಕೆಲಕಾಲ ಇರಿಸಿ ನೋಡುವವರು ಈ ಗೋಳಿನಿಂದ ಬಚಾವಾಗುತ್ತಾರೆ. ಇನ್ನು ಮೀನಿನ ಚುಕ್ಕೆರೋಗಕ್ಕೆಂದು ಮಾರುವ ತಾಮ್ರದ ಔಷಧ ಹವಳದ ತೊಟ್ಟಿಗೆ ಬಿದ್ದರೆ ಅದು ಸಾಕ್ಷಾತ್ ವಿಷ.

ಕೆಲವೊಮ್ಮೆ ಯಾವ ಕಾರಣವೂ ಕಾಣದೆ, ಸಂಜೆ ಸರಿಯಿದ್ದ ಹವಳದ ಮಾಂಸ ಬೆಳಗಾಗುವುದರೊಳಗೆ ಎಳೆಎಳೆಯಾಗಿ ಕಳಚುತ್ತದೆ. ಇಲ್ಲಿ ಶಸ್ತ್ರಚಿಕಿತ್ಸೆಯೊಂದೇ ದಾರಿ. ಗೆರೆಯಿಂದ ಒಂದು ಬೆರಳು ಮೇಲೆ, ಆರೋಗ್ಯವಾದ ಮಾಂಸದಲ್ಲಿಯೇ ಇಕ್ಕಳದಿಂದ ಕೊಂಬೆಯನ್ನು ಕತ್ತರಿಸಿ, ಸೂಪರ್ ಗ್ಲೂ ಎಂಬ ಅಂಟಿನಿಂದ ಹೊಸ ಕಲ್ಲಿನ ಮೇಲೆ ನಿಲ್ಲಿಸುತ್ತಾರೆ. ತಾಯಿಹವಳ ಉಳಿಯದಿದ್ದರೂ ತುಂಡು ಉಳಿದೀತು. ಬರ್ಲಿನ್ನಿನ ಸ್ಟೂಬರ್ ತಮ್ಮ ಹವಳದ ತುಂಡುಗಳನ್ನು ದಾಸವಾಳದ ಕಡ್ಡಿಯಂತೆ ಗೆಳೆಯರಿಗೆಲ್ಲ ಹಂಚಿದ್ದರು. ಅವು ಮನೆಯಿಂದ ಮನೆಗೆ ಹೋಗಿ ದೇಶಾಂತರಕ್ಕೂ ಹಬ್ಬಿದುವು. ಒಬ್ಬನ ತೊಟ್ಟಿಯಲ್ಲಿ ಸತ್ತದ್ದು ಇನ್ನೊಬ್ಬನ ತೊಟ್ಟಿಯಲ್ಲಿ ಉಳಿದಿರುತ್ತದೆ, ಕೇಳಿ ತರಬಹುದು.

ಸಮುದ್ರದ ಹವಳಕ್ಕೂ ಈಗ ಇಂಥದೇ ಶುಶ್ರೂಷೆ ನಡೆಯುತ್ತಿದೆ. ಅಮೆರಿಕದ ಫ್ಲಾರಿಡಾ ತೀರದಲ್ಲಿ 2014ರಲ್ಲಿ ಮಾಂಸ ಕಳಚುವ ರೋಗವೊಂದು ಕಾಣಿಸಿಕೊಂಡು ಕ್ರಮೇಣ ಕೆರೀಬಿಯನ್ ಸಮುದ್ರಕ್ಕೆಲ್ಲ ಹಬ್ಬಿತು. ಮುಳುಗುಗಾರರು ನೀರಿನಡಿಯಲ್ಲಿ ಅಮಾಕ್ಸಿಸಿಲಿನ್ ಬೆರೆಸಿದ ಲೇಪವನ್ನು ಗಾಯದ ಗೆರೆಗೆ ಕೈಯಿಂದ ಬಳಿದು ಹಲವು ಹವಳಗಳನ್ನು ಉಳಿಸಿದರು. ರೋಗ ತಟ್ಟದ ಹವಳಗಳನ್ನು ಒಳನಾಡಿನ ಮತ್ಸ್ಯಾಲಯಗಳಿಗೆ ಸಾಗಿಸಿ ಕಾಪಾಡಿದರು. ಇದನ್ನು ಕೇಳಿ ಮನೆಯ ತೊಟ್ಟಿಗೆ ಅಂಥ ಮಾತ್ರೆಗಳನ್ನು ಕರಗಿಸುವುದು ಸರಿಯಲ್ಲ. ನೀರನ್ನು ಶುದ್ಧವಾಗಿಡುವ ಒಳ್ಳೆಯ ಜೀವಾಣುಗಳೂ ಸಾಯುತ್ತವೆ. ಮದ್ದಿಗೆ ಬಗ್ಗದ ಹೊಸ ರೋಗಾಣುಗಳೂ ಹುಟ್ಟಬಹುದು.

ಚಿಕಿತ್ಸೆ ಮಾಡುವವರ ಪ್ರಾಣದ ಮಾತೂ ಇದೆ. ಪುಟ್ಟ ಗುಂಡಿಗಳಂತೆ ಅರಳುವ, ಹವಳದ ಬಳಗಕ್ಕೆ ಸೇರಿದ ಕೆಲವು ಜೀವಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಬಂಡೆಯನ್ನು ಒಣಗಿದಾಗ ಉಜ್ಜಿದರೆ, ಬಿಸಿನೀರಿನಲ್ಲಿ ಕುದಿಸಿದರೆ ಅದು ಆವಿಯೊಡನೆ ಮನೆಯೆಲ್ಲ ಹರಡುತ್ತದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ 2018ರಲ್ಲಿ ತೊಟ್ಟಿಯ ಶುಚಿಕಾರ್ಯದ ಮರುದಿನ ಒಂದು ಕುಟುಂಬವೇ ಆಸ್ಪತ್ರೆ ಸೇರಿತ್ತು. ಕೈಚೀಲ, ಕಣ್ಣಿಗೆ ಕನ್ನಡಕ ಇಲ್ಲದೆ ಇಂಥ ಬಂಡೆಯನ್ನು ಮುಟ್ಟಬಾರದು, ಕುದಿಸಲಂತೂ ಕೂಡದು.

ಗುಣಮುಖವಾಗುವ ಹವಳ ಅವಸರಪಡುವುದಿಲ್ಲ. ಮೊದಲ ವಾರ ಕಾಣುವುದು ಇಷ್ಟೇ: ಗೆರೆ ಮುಂದೆ ಸಾಗುವುದನ್ನು ನಿಲ್ಲಿಸುತ್ತದೆ. ಅನಂತರ ಮಾಂಸದ ಅಂಚು ಸ್ವಲ್ಪ ದಪ್ಪವಾಗಿ ದುಂಡಗಾಗುತ್ತದೆ. ಕೆಲವು ತಿಂಗಳಲ್ಲಿ ಆ ಅಂಚು ಬರಿಗೂಡಿನ ಮೇಲೆ, ಹಸಿರು ಜೊಂಡನ್ನು ತಳ್ಳಿಕೊಂಡು, ಕೂದಲೆಳೆಯಷ್ಟಷ್ಟಾಗಿ ಮುಂದೆ ಹಬ್ಬುತ್ತದೆ. ಅಷ್ಟು ಹೊತ್ತಿಗೆ ಕೊಂಬೆಯ ತುದಿಯಲ್ಲಿ ಮತ್ತೆ ಬಿಳುಪು ಕಂಡರೆ ಮನೆಯವರು ಹೆದರಬೇಕಾಗಿಲ್ಲ, ಅದು ಚಿಗುರು.