ಕೋಟೆ ಬಿದ್ದ ಮೇಲೆ ಹಾಕಬೇಕಿದ್ದ ಬಾಗಿಲು

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ನಾವು ಪೆದ್ದರನ್ನು ಆಡಿಕೊಳ್ಳುತ್ತೇವೆ. ಆದರೆ ಕೋಟೆ ವೈರಿಯ ಕೈಸೇರಿದ ಮೇಲೆಯೇ ಬಾಗಿಲು ಮುಚ್ಚಬೇಕು, ಅದೂ ಆರು ಜನರನ್ನು ಒಳಗಿಟ್ಟು ಗೋಡೆ ಎಬ್ಬಿಸಿ ಮುಚ್ಚಬೇಕು ಎಂದು ಹಗಲಿರುಳು ತಲೆಕೆಡಿಸಿಕೊಂಡು ಯೋಜನೆ ಹಾಕಿದವರಿದ್ದರು!

ಜಾಗ ಜಿಬ್ರಾಲ್ಟರ್. ಸ್ಪೇನಿನ ದಕ್ಷಿಣದ ಅಂಚಿನಲ್ಲಿ ಸಮುದ್ರದಿಂದ 426 ಮೀಟರ್ ನೆಟ್ಟಗೆ ಎದ್ದ ಸುಣ್ಣಕಲ್ಲಿನ ಬೆಟ್ಟ. 1704ರಲ್ಲಿ ಬ್ರಿಟಿಷರ ಕೈಸೇರಿತು. ಎದುರಿಗೆ, ಅತಿ ಕಿರಿದಾದ ಕಡೆ ಸುಮಾರು 14 ಕಿ.ಮೀ. ಅಗಲದ ಜಲಸಂಧಿ, ಅದರಾಚೆ ಆಫ್ರಿಕ. ಅಟ್ಲಾಂಟಿಕ್‌ನಿಂದ ಮೆಡಿಟರೇನಿಯನ್‌ಗೆ ಹೋಗುವ ಹಡಗೆಲ್ಲ ಈ ಬೆಟ್ಟದ ಕಣ್ಣೆದುರೇ ಹಾಯಬೇಕು. 1940ರಲ್ಲಿ ಫ್ರಾನ್ಸ್ ಕುಸಿದಾಗ, ಈ ಬೆಟ್ಟವನ್ನು ಹಿಡಿಯಲು ಹಿಟ್ಲರ್ ‘ಫೆಲಿಕ್ಸ್’ ಎಂಬ ಕಾರ್ಯಾಚರಣೆಗೆ ಸಿದ್ಧತೆ ನಡೆಸಿದ. ಬ್ರಿಟಿಷರು ಊರಿನ ಜನರನ್ನು ಹಡಗು ಹತ್ತಿಸಿ ಕಳಿಸಿ, ಬೆಟ್ಟವನ್ನೇ ಕೊರೆಯತೊಡಗಿದರು. ಬಂಡೆಯ ಹೊಟ್ಟೆಯೊಳಗೆ ಆಸ್ಪತ್ರೆ, ಬೇಕರಿ, ವಿದ್ಯುತ್ ಸ್ಥಾವರ! ಅಗೆದ ಕಲ್ಲನ್ನು ಸಮುದ್ರಕ್ಕೆ ಸುರಿದು ವಿಮಾನದ ಓಡುದಾರಿಯನ್ನು ಉದ್ದ ಮಾಡಿದರು. ಏಳು ಚದರ ಕಿ.ಮೀ. ಕೂಡ ಇಲ್ಲದ ಆ ನೆಲದೊಳಗೆ ಇಂದು 50 ಕಿ.ಮೀ.ಗೂ ಮಿಕ್ಕಿ ಸುರಂಗಗಳಿವೆ.

ಇಷ್ಟೆಲ್ಲ ಮಾಡಿಯೂ ಕೋಟೆ ಬಿದ್ದರೆ? ನೌಕಾ ಗುಪ್ತಚರ ವಿಭಾಗದ ಮುಖ್ಯಸ್ಥ ಜಾನ್ ಗಾಡ್‌ಫ್ರೆ 1941ರಲ್ಲಿ ಆ ಪ್ರಶ್ನೆಯನ್ನೂ ಕೈಗೆತ್ತಿಕೊಂಡರು. ಉತ್ತರದ ಹೆಸರು ‘ಟ್ರೇಸರ್’ ಕಾರ್ಯಾಚರಣೆ. ಬೆಟ್ಟದ ನೆತ್ತಿಯ ಹತ್ತಿರ, ಲಾರ್ಡ್ ಏರೀ ತೋಪುನೆಲೆಯ ಬಳಿ, ಒಂದು ಗುಪ್ತ ಕೋಣೆ. ಒಬ್ಬ ಅಧಿಕಾರಿ, ಇಬ್ಬರು ವೈದ್ಯರು, ಮೂವರು ವೈರ್‌ಲೆಸ್ ನಿರ್ವಾಹಕರು: ಎಲ್ಲರೂ ತಾವಾಗಿಯೇ ಮುಂದೆ ಬಂದವರು. ಬಂಡೆಯ ಎರಡು ಸೀಳುಗಂಡಿಗಳಿಂದ ಪೂರ್ವದ ಕಡಲನ್ನೂ ಪಶ್ಚಿಮದ ಕೊಲ್ಲಿಯನ್ನೂ ನೋಡುತ್ತ, ವೈರಿಯ ಹಡಗುಗಳ ಸುದ್ದಿಯನ್ನು ಲಂಡನ್‌ಗೆ ಕಳಿಸುತ್ತ ಕನಿಷ್ಠ ಒಂದು ವರ್ಷ ಕಳೆಯಬೇಕು. ತಲೆಯ ಮೇಲೆಯೇ ಜರ್ಮನ್ ಬೂಟುಗಳು ಓಡಾಡುತ್ತಿರುತ್ತವೆ!

ಆ ಯೋಜನೆಯ ಒಂದೊಂದು ವಿವರಕ್ಕೂ ಮೈ ಜುಮ್ಮೆನ್ನುತ್ತದೆ. ಹೆಜ್ಜೆ ಸದ್ದಾಗದಂತೆ ನೆಲಕ್ಕೆ ಕಾರ್ಕ್ ಹಾಸು. ಸುಮಾರು 45,000 ಲೀಟರ್ ನೀರು. ರೇಡಿಯೋಗೆ ಬೇಕಾದ ವಿದ್ಯುತ್ತನ್ನು ಸೈಕಲ್ ತುಳಿದೇ ಹುಟ್ಟಿಸಬೇಕು. ಚೈನು ಕಟಕಟ ಎನ್ನದಿರಲೆಂದು ಅದರ ಬದಲು ಚರ್ಮದ ಪಟ್ಟಿ. ಯಾರಾದರೂ ಸತ್ತರೆ? ಹೊರಗೆ ಒಯ್ಯುವಂತಿಲ್ಲ. ದೇಹ ಕೆಡದಂತೆ ಸಂಸ್ಕರಿಸಿ ಅಲ್ಲೇ ಸಿಮೆಂಟಿನಲ್ಲಿ ಹುದುಗಿಸುವುದು. ಅದನ್ನೂ ಮೊದಲೇ ಯೋಚಿಸಿಟ್ಟಿದ್ದರು.

ನನ್ನನ್ನು ದಂಗುಬಡಿಸಿದ್ದು ಮಾತ್ರ ಇದಕ್ಕೆ ಸಲಹೆ ಕೊಟ್ಟ ವೈದ್ಯ, ಜಾರ್ಜ್ ಮರ್ರೆ ಲೆವಿಕ್. ಧ್ರುವಾನ್ವೇಷಕ ಸ್ಕಾಟ್‌ನ ಅಂಟಾರ್ಕ್ಟಿಕ್ ಯಾತ್ರೆಗೆ ಹೋಗಿ ಪೆಂಗ್ವಿನ್‌ಗಳನ್ನು ಅಭ್ಯಾಸ ಮಾಡಿದವರು. 1912ರಲ್ಲಿ ಹಿಮ ಅಡ್ಡಗಟ್ಟಿ ಹಡಗು ಬರಲಾಗದೆ, ಅವರಿದ್ದ ಉಪತಂಡ ಅಲ್ಲೇ ಸಿಕ್ಕಿಬಿದ್ದಿತು. ತಂಡದಲ್ಲಿ ಎಷ್ಟು ಜನ? ಆರು! ಹಿಮದ ದಿಬ್ಬದಲ್ಲಿ ಹನ್ನೆರಡಡಿಗೆ ಒಂಬತ್ತಡಿಯ ಗುಹೆ ತೋಡಿ, ಸೀಲ್ ಮತ್ತು ಪೆಂಗ್ವಿನ್ ಮಾಂಸ ತಿಂದು, ಸೀಲ್ ಕೊಬ್ಬಿನ ದೀಪದ ಮಸಿಯಲ್ಲಿ ಮುಳುಗಿ ಇಡೀ ಚಳಿಗಾಲ ಕಳೆದರು. ನಾಯಕ ಕ್ಯಾಂಪ್‌ಬೆಲ್ ಗುಹೆಯ ನೆಲದಲ್ಲಿ ಬೂಟಿನ ಹಿಮ್ಮಡಿಯಿಂದ ಒಂದು ಗೆರೆ ಎಳೆದಿದ್ದರು: ಈಚೆ ಅಧಿಕಾರಿಗಳು, ಆಚೆ ನಾವಿಕರು, ಒಂದು ಬದಿಯ ಮಾತು ಇನ್ನೊಂದು ಬದಿಗೆ ಕೇಳಿಸಿಲ್ಲವೆಂದೇ ಲೆಕ್ಕ. ಆರೂ ಜನ ಬದುಕಿ, ಮುನ್ನೂರಕ್ಕೂ ಹೆಚ್ಚು ಕಿ.ಮೀ. ನಡೆದು ನೆಲೆ ಸೇರಿದರು. ಮುಚ್ಚಿದ ಜಾಗದಲ್ಲಿ ಆರು ಜೀವಗಳು ಏನು ತಿನ್ನಬೇಕು, ಹೇಗೆ ಮೈ ಸಡಿಲಿಸಬೇಕು, ಬುದ್ಧಿ ಕೆಡದಂತೆ ಹೇಗಿರಬೇಕು ಎಂದು ಕೇಳಲು ಇವರಿಗಿಂತ ಬೇರೆ ಯಾರಿದ್ದರು! ಅಂಟಾರ್ಕ್ಟಿಕದ ಮಂಜಿನಲ್ಲಿ ಕಲಿತದ್ದು ಮೂವತ್ತು ವರ್ಷದ ನಂತರ ಮೆಡಿಟರೇನಿಯನ್ ಬಂಡೆಗೆ ಬಂದಿತ್ತು.

ಜರ್ಮನರು ಬರಲೇ ಇಲ್ಲ. ಕೋಣೆಯನ್ನು ಮುಚ್ಚಿಬಿಟ್ಟರು, ನೆನಪು ವದಂತಿಯಾಯಿತು. 1997ರಲ್ಲಿ ಜಿಬ್ರಾಲ್ಟರ್‌ನ ಗುಹಾನ್ವೇಷಕರ ತಂಡವೊಂದು ಸುರಂಗ ಜಾಲಾಡುತ್ತ ಅದರೊಳಗೇ ನುಗ್ಗಿತು! ಇದೇ ಆ ಕೋಣೆಯೇ? ಕೇಳಲು ಒಬ್ಬರು ಉಳಿದಿದ್ದರು. ಗೋಡೆಯೊಳಗೆ ಸೇರಲು ಒಪ್ಪಿದ್ದ ಇಬ್ಬರು ವೈದ್ಯರಲ್ಲಿ ಒಬ್ಬರಾದ ಬ್ರೂಸ್ ಕೂಪರ್, ತೊಂಬತ್ತು ದಾಟಿದ ವಯಸ್ಸಿನಲ್ಲಿ, 2008ರಲ್ಲಿ ಜಿಬ್ರಾಲ್ಟರ್‌ಗೆ ಬಂದರು. ಹೌದು, ಅದೇ ಎಂದು ದೃಢಪಡಿಸಿದರು.