ಕಪ್ಪತಗುಡ್ಡದ ಜಲಗಾರರು

ಅಕ್ಕಿಯನ್ನು ಜಾಲಿಸುವ ಗೃಹಿಣಿಯು ನೀರಿನೊಡನೆ ಜಾರಿ ಬರುವ ಕಾಳನ್ನು ಉಳಿಸಿಕೊಂಡು, ಪಾತ್ರೆಯ ತಳದಲ್ಲಿ ನಿಂತ ಕಲ್ಲನ್ನು ಚೆಲ್ಲುವಳು. ಅದೇ ಕೈಚಳಕದಿಂದ, ಆದರೆ ಮೇಲಿನದನ್ನು ಚೆಲ್ಲಿ ತಳದಲ್ಲಿ ನಿಂತುದನ್ನು ಉಳಿಸಿಕೊಂಡು, ಬಾಳನ್ನು ಸಾಗಿಸುತ್ತಿದ್ದ ಕುಶಲಿಗಳು ಗದಗ ಸೀಮೆಯಲ್ಲಿದ್ದರು. ಅವರೇ ಜಲಗಾರರು. ಕುವೆಂಪು ಅವರ 1928ರ ನಾಟಕದಿಂದ ಈ ಪದವನ್ನು ಬೀದಿ ಗುಡಿಸುವವನೆಂಬ ಅರ್ಥದಲ್ಲಿ ಬಲ್ಲ ನಮಗೆ, ಮರಳನ್ನು ತೊಳೆದು ಬಂಗಾರ ತೆಗೆಯುವವನೆಂಬ ಅದರ ಇನ್ನೊಂದು ಅರ್ಥವು ಮರೆತೇ ಹೋಗಿದೆ.

ಕಪ್ಪತಗುಡ್ಡದ ಸಾಲಿನಲ್ಲಿ ಹುಟ್ಟಿ, ದೋಣಿ, ಸೊರಟೂರು ಮೊದಲಾದ ಊರುಗಳ ಆಸುಪಾಸಿನಲ್ಲಿ ಹರಿದು ತುಂಗಭದ್ರೆಯ ಕಣಿವೆಗೆ ಇಳಿಯುವ ಹಳ್ಳಗಳೇ ಅವರ ಕರ್ಮಭೂಮಿ. ಮಳೆ ಸುರಿದು, ಹಳ್ಳವು ಉಕ್ಕಿ, ಮತ್ತೆ ಇಳಿದ ಮೇಲೆ ಅವರ ಸುಗ್ಗಿ. ಹಳ್ಳದ ಮಡುವಿನ ಮಣ್ಣನ್ನು ಮರದ ಮರಿಗೆಯಲ್ಲಿ ತುಂಬಿ, ನೀರು ಹೊಯ್ದು, ಅತ್ತಿತ್ತ ಓಲಾಡಿಸಿದರೆ ಮೊದಲು ಕೆಸರು ಕರಗಿ ಹೋಗುವುದು. ಬಳಿಕ ಬೆಣಚುಕಲ್ಲಿನ ಬಿಳಿಯ ಮರಳು. ಕೊನೆಗೆ ತಳದಲ್ಲಿ ಕಬ್ಬಿಣದ ಕರಿಮರಳು ಅಂಟಿ ನಿಂತು, ಅದರ ಅಂಚಿನಲ್ಲಿ ಅರಿಸಿನದ ಗೆರೆಯಂತೆ ಬಂಗಾರದ ಪುಡಿ ಕಾಣುವುದು. ಬಂಗಾರವು ನೀರಿಗಿಂತ ಸುಮಾರು 19 ಪಟ್ಟು ಭಾರವುಳ್ಳದ್ದಾದುದರಿಂದಲೇ ಈ ವಿದ್ಯೆಯು ಸಾಧ್ಯವಾಯಿತು. ಆ ಪುಡಿಯನ್ನು ಪಾದರಸದಲ್ಲಿ ಹಿಡಿದು, ಬೆಂಕಿಗೊಡ್ಡಿ ಪಾದರಸವನ್ನು ಹಾರಿಸಿದರೆ ಚಿನ್ನದ ಗುಂಡು ಉಳಿಯುತ್ತಿತ್ತು.

ಹಳ್ಳದ ಚಿನ್ನಕ್ಕೆ ತವರು ಗುಡ್ಡದ ಬೆಣಚುಕಲ್ಲಿನ ಎಳೆಗಳು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಡಂಬಳ ಸೀಮೆಯ ಈ ಗುಡ್ಡಗಳ ಚಿನ್ನಗರ್ಭಿತ ಶಿಲೆಗಳನ್ನು ಕುರಿತು ಬರೆದರು. ಮುಂದೆ ಈ ಬಗೆಯ ಶಿಲಾಸ್ತೋಮಕ್ಕೆ ‘ಧಾರವಾಡ’ವೆಂಬ ಹೆಸರನ್ನು ಭೂವಿಜ್ಞಾನದಲ್ಲಿ ನೆಲೆಗೊಳಿಸಿದವರೂ ಅವರೇ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹೊಸೂರು, ಕಬಲಾಯತಕಟ್ಟಿಗಳಲ್ಲಿ ಕಂಪನಿಗಳು ಆ ಎಳೆಗಳನ್ನರಸಿ ಗಣಿ ತೋಡಿದುವು. ಆದರೆ ಕೋಲಾರದಲ್ಲಿ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಕರೆದೊಯ್ದ ಭಾಗ್ಯವು ಇಲ್ಲಿ ಒದಗಲಿಲ್ಲ, ಕೆಲವೇ ವರ್ಷಗಳಲ್ಲಿ ಕೆಲಸ ನಿಂತುಹೋಯಿತು. ಒಮ್ಮೆ ಚಿನ್ನಕ್ಕಾಗಿ ತೋಡಿದ ಆ ಕಪ್ಪತಗುಡ್ಡವೇ 2019ರಲ್ಲಿ ವನ್ಯಜೀವಿಧಾಮವಾಯಿತು.

ಅಕ್ಕಸಾಲಿಗರ ಅಂಗಡಿಯ ಮುಂದಿನ ಧೂಳನ್ನು ಗುಡಿಸಿ, ತೊಳೆದು, ಚಿನ್ನದ ಕಣವನ್ನು ಹೆಕ್ಕುವವನಿಗೂ ಜಲಗಾರನೆಂದೇ ಹೆಸರು. ಹಳ್ಳದ ಮರಿಗೆಗೂ ಬೀದಿಯ ಪೊರಕೆಗೂ ನಡುವಣ ಸೇತುವೆ ಈತನೇ ಇರಬೇಕೆಂದು ನನಗೆ ತೋರುತ್ತದೆ. ಕಸಬರಿಕೆಯನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡ ನಾವು, ಅದರ ಹಿಂದಿದ್ದ ಬಂಗಾರದ ಕೈಯನ್ನೂ ಇನ್ನು ನೆನೆಯಬೇಕು.