ಮಂತ್ರಿ ಕಾರೋ... ವಿಲನ್ ಕಾರೋ?

"ಅಳಿಯಾ, ಎರಡರಲ್ಲಿ ಒಂದನ್ನ ಮಾರಲೇಬೇಕು ಕಣೋ. ಯಾವುದು ಅಂತ ನೀನೇ ಹೇಳು" ಅಂದರು ನಮ್ಮ ಸೋದರಮಾವ.

ಸಿನಿಮಾದವರಿಗೆ ಹಳೇ ಕಾರು ಬಾಡಿಗೆಗೆ ಕೊಡೋದು ಅವರ ಕಸುಬು. ಯಶವಂತಪುರದ ಷೆಡ್ಡಿನಲ್ಲಿ 1982ರ ಅಂಬಾಸಿಡರ್ ಮಾರ್ಕ್ 4, ಪಕ್ಕದಲ್ಲೇ 1986ರ ಕಾಂಟೆಸ್ಸಾ. ಎರಡೂ ಹಿಂದೂಸ್ತಾನ್ ಮೋಟಾರ್ಸ್‌ನ ಮಕ್ಕಳೇ. ಕಳೆದ ವರ್ಷ ನಿರ್ಮಾಪಕ ಮಹಾಶಯರೊಬ್ಬರು ಇಪ್ಪತ್ತು ದಿನ ಎರಡನ್ನೂ ದುಡಿಸಿಕೊಂಡು, ಬಾಡಿಗೆ ಕೇಳಿದರೆ ಕೈಯೆತ್ತಿಬಿಟ್ಟರು. ಈಗ ಮಾವನ ಮಗಳ ಕಾಲೇಜು ಫೀಸಿಗೆ ತಿಂಗಳ ಕೊನೆಯೇ ಗಡುವು. ಪಿಯುಸಿ ಅರ್ಧಕ್ಕೇ ಬಿಟ್ಟ ನನಗೆ ಆ ಸಂಕಟ ಬಿಡಿಸಿ ಹೇಳಬೇಕೇ ಸ್ವಾಮಿ?

ಸರಿ, ಎರಡನ್ನೂ ನಂದಿ ಬೆಟ್ಟಕ್ಕೆ ಹತ್ತಿಸಿಯೇ ತೀರ್ಪು ಕೊಡೋಣ ಅಂತ ಹೊರಟೆ.

ಅಂಬಾಸಿಡರ್ ನಿಮಗೆ ಗೊತ್ತಿರೋದೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಇದರ ತಾಯಿ. ಬಂಗಾಳದ ಉತ್ತರಪಾರಾದಲ್ಲಿ 1957ರಿಂದ 2014ರವರೆಗೆ ತಯಾರಾಯಿತು. ಮುಂದಿನ ಸೀಟು ಉದ್ದನೆಯ ಬೆಂಚು, ಗೇರು ಕಡ್ಡಿ ಸ್ಟೀರಿಂಗ್ ಪಕ್ಕದಲ್ಲೇ. ಸ್ಟೀರಿಂಗ್ ತಿರುಗಿಸಿದರೆ ಬೀಸೋಕಲ್ಲು ತಿರುಗಿಸಿದ ಹಾಗೆ! ಆದರೆ ಗುಂಡಿಗೆ ಇಳಿದರೂ ಸೊಂಟ ಉಳುಕೋದಿಲ್ಲ. ಎರಡನೇ ಗೇರಿನಲ್ಲಿ ಗೊಣಗುತ್ತಾ ಗೊಣಗುತ್ತಾ ಬೆಟ್ಟ ಹತ್ತಿಯೇಬಿಟ್ಟಿತು.

ಕಾಂಟೆಸ್ಸಾ ಬಂದದ್ದು 1984ರಲ್ಲಿ, ಮುಗಿದದ್ದು 2002ರಲ್ಲಿ. ವಾಕ್ಸ್‌ಹಾಲ್ ವಿಎಕ್ಸ್ ಎಂಬ ಇಂಗ್ಲಿಷ್ ಕಾರಿನ ಅಚ್ಚು. ಆಹಾ, ಆ ಉದ್ದನೆಯ ಮೂತಿ! ಸೂಟ್‌ಕೇಸ್ ಹಿಡಿದ ವಿಲನ್ ಇದರಿಂದ ಇಳಿದರೆ ಡೈಲಾಗೇ ಬೇಡ. ಒಳಗೆ ಕೂತರೆ ನನಗೂ ಕರೀ ಕನ್ನಡಕ ಹಾಕ್ಕೋಬೇಕು ಅನ್ನಿಸಿತು.

ಬೆಟ್ಟದ ಮೂರನೇ ತಿರುವಿನಲ್ಲಿ ಬಣ್ಣ ಬಯಲಾಯಿತು ನೋಡಿ. ಉಸ್ಸಪ್ಪಾ ಅಂತ ಏದುಸಿರು! ಕಾರಣ ಗೊತ್ತೆ? ಶುರುವಿನ ಕಾಂಟೆಸ್ಸಾಗಳಿಗೆ ಕಂಪೆನಿಯವರು ಹಾಕಿದ್ದು ಅಂಬಾಸಿಡರಿನ ಅದೇ 1489 ಸಿಸಿ ಎಂಜಿನ್. ಮೈ ಭಾರ, ಎದೆ ಹಳೇದು. ಇಸುಜುವಿನ 1.8 ಲೀಟರ್ ಎಂಜಿನ್ ಬಂದು ಅದಕ್ಕೆ ನಿಜವಾದ ಜೀವ ಬಂದದ್ದು ಆಮೇಲೆ. ಮಾವನದು ಅದಕ್ಕೂ ಮುಂಚಿನದು. ಪಾಪ, ವೇಷ ರಾಜನದು, ಸಂಬಳ ಎಕ್ಸ್‌ಟ್ರಾ ಕಲಾವಿದನದು.

ಇಳಿಯುವಾಗ ಮಾತ್ರ ಅದೇ ಸೊಗಸು. ಸುಳ್ಳು ಹೇಳಲಾರೆ.

ಸಂಜೆ ಮಾವನ ಬಾಡಿಗೆ ಪುಸ್ತಕ ತಿರುವಿದೆ. ಅಂಬಾಸಿಡರ್ ಒಮ್ಮೆ ಮಂತ್ರಿಗೆ, ಒಮ್ಮೆ ಪೊಲೀಸಿಗೆ, ಒಮ್ಮೆ ಹಳ್ಳಿ ಡಾಕ್ಟರಿಗೆ ಹೋಗಿದೆ. ಕಾಂಟೆಸ್ಸಾಗೆ ಬರೀ ವಿಲನ್ ಪಾತ್ರ, ವರ್ಷಕ್ಕೆ ನಾಲ್ಕೋ ಐದೋ ದಿನ. ಬಿಡಿಭಾಗಕ್ಕೂ ಊರೂರು ಅಲೆಯಬೇಕು. ಆದರೆ ಅದರ ಮೇಲೇ ಕಣ್ಣು ಹಾಕಿ ಹುಬ್ಬಳ್ಳಿಯವರೊಬ್ಬರು ಎರಡು ಸಲ ಫೋನ್ ಮಾಡಿದ್ದಾರೆ.

"ಕಾಂಟೆಸ್ಸಾ ಕೊಟ್ಟುಬಿಡಿ ಮಾವಾ" ಅಂದೆ.

ಮಾವ ಬಹಳ ಹೊತ್ತು ಮಾತಾಡಲಿಲ್ಲ. ಮಗಳು ಡ್ರೈವಿಂಗ್ ಕಲಿತದ್ದು ಅದರಲ್ಲೇ ಅಂತೆ, ನನಗೆ ಗೊತ್ತಿರಲಿಲ್ಲ.

"ಭಾನುವಾರ ಬರಲಿ ಅನ್ನು. ಅಷ್ಟರಲ್ಲಿ ಒಂದ್ಸಲ ತೊಳೀಬೇಕು" ಅಂತ ಬಕೆಟ್ ಹಿಡಿದು ನಲ್ಲಿ ಕಡೆ ಹೋದರು.